ತವರಿನ ಹೆಪ್ಪು

ಶಂಕರಪುರಂ, ಬೆಂಗಳೂರು
14-11-2002, ಗುರುವಾರ

ನನ್ನ ಮುದ್ದು ಗೋದಾಗೆ ಅಮ್ಮನ ಆಶೀರ್ವಾದಗಳು.

ನೀನು, ಅಳಿಯಂದಿರು ಸೌಖ್ಯವೆಂದು ನಂಬಿದ್ದೇನೆ. ಕುಕ್ಕರಿನ ಹಬೆ ತಾಗಿ ಕೈ ಸುಟ್ಟುಕೊಂಡೆ ಎಂದು ಬರೆದಿದ್ದೆಯಲ್ಲ, ಮಾಯಿತೇ? ಸುಟ್ಟ ಕೈಗೆ ಟೂತ್‌ಪೇಸ್ಟ್ ಬಳಿದುಕೊಂಡೆ ಎಂದು ಓದಿ ನಾನೂ ಶ್ರೀವಿದ್ಯಾಳೂ ನಕ್ಕೆವು. ಆಮೇಲೆ ನನಗೆ ಬೇಸರವಾಯಿತು. ನಲವತ್ತು ವರ್ಷದ ಹೆಂಗಸಿಗೆ ತಣ್ಣೀರಿಗೆ ಕೈ ಹಿಡಿಯೇ ಎಂದು ಹೇಳಲು ಇನ್ನೂ ತಾಯಿ ಪಕ್ಕದಲ್ಲಿರಬೇಕೇ? ದಾಂಡೇಲಿಯ ಚಳಿಗೆ ಅಳಿಯಂದಿರ ಕೆಮ್ಮು ಹೆಚ್ಚಾಗುತ್ತದೆ. ಸ್ವೆಟರು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದಕ್ಕಲ್ಲ, ಹಾಕಿಕೊಳ್ಳುವುದಕ್ಕೆ ಎಂದು ನಾನು ಹೇಳಿದೆನೆಂದು ಹೇಳು. ನನ್ನ ಮಂಡಿ ಎಂದಿನಂತೆ ಇದೆ. ಸಕ್ಕರೆ ಮಾತ್ರೆ ನುಂಗುತ್ತಿದ್ದೇನೆ. ನನಗೇನೂ ಆಗಿಲ್ಲ, ಆಗುವುದೂ ಇಲ್ಲ. ಆ ದೇವರಿಗೆ ಲೆಕ್ಕವೇ ಬರುವುದಿಲ್ಲ ಗೋದಾ. ಯಾರನ್ನು ಮೊದಲು ಕರೆಸಿಕೊಳ್ಳಬೇಕು ಎನ್ನುವುದೂ ಗೊತ್ತಿಲ್ಲ.

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಿಮ್ಮ ಕಾರ್ಖಾನೆಯಲ್ಲೇ ಕೆಲಸಕ್ಕಿರುವ ಬದರೀನಾರಾಯಣ, ನಮ್ಮ ಬೀದಿಯ ಕೊನೆಯ ಮನೆಯವನು, ದೀಪಾವಳಿಗೆ ಬಂದಿದ್ದ. ಈ ರಾತ್ರಿ ಉಪ್ಪಾರಪೇಟೆಯಿಂದ ಹೊರಡುವ ಬಸ್ಸಿಗೆ ಹಿಂದಿರುಗುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನು ಏಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನೆಂದರೆ ಅಳಿಯಂದಿರ ಆಫೀಸಿಗೆ ಮಾಡಬೇಕು, ಅವರು ಕ್ವಾರ್ಟರ್ಸಿಗೆ ಓಡಿಬಂದು ನಿನಗೆ ಹೇಳಬೇಕು, ನೀನು ಬೂತಿಗೆ ಓಡಬೇಕು. ಅಷ್ಟಾಗಿ ನಿನ್ನ ದನಿ ಕೇಳಿದರೆ ನನಗೆ ಮಾತಿಗೆ ಮೊದಲು ಅಳು ಬರುತ್ತದೆ. ಬರೆಯುವಾಗ ಅತ್ತರೆ ಸೆರಗಿನಿಂದ ಒರೆಸಿಕೊಂಡು ಮುಂದಿನ ಸಾಲಿಗೆ ಹೋಗಬಹುದು. ಹೇಳಬೇಕಾದ ಮಾತೊಂದಿದೆ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳು.

ನಿನ್ನ ಅಣ್ಣ ಆತ್ರೇಯ ಮುಂದಿನ ಕೋಣೆಯ ಮಂಚದಲ್ಲಿ ಮಲಗಿದ್ದಾನೆ. ಇನ್ನು ಈ ವಾರ ಆಸ್ಪತ್ರೆಗೆ ಹೋಗಿ ರಕ್ತ ತೊಳೆಯುವ ಯಂತ್ರಕ್ಕೆ ಕೈಕೊಟ್ಟು ಮಲಗುವ ಕೆಲಸ ಇಲ್ಲ. ನೀನು ಯುಗಾದಿಗೆ ಬಂದಾಗ ಮೆಟ್ಟಿಲಿಳಿದು ಬಂದು ನಿನ್ನ ಚೀಲ ಎತ್ತಿಕೊಂಡನಲ್ಲ, ಈಗ ಲೋಟ ಎತ್ತಿದರೆ ಕೈ ನಡುಗುತ್ತದೆ. ಕಿಡ್ನಿ ಎರಡೂ ಕೈಕೊಟ್ಟು ಎರಡು ವರ್ಷವಾಯಿತು. ನನ್ನದೊಂದು ತೆಗೆದುಕೊಳ್ಳಿ ಎಂದರೆ ನಿಮಗೆ ಸಕ್ಕರೆ ಕಾಯಿಲೆ ಎಂದರು. ಶ್ರೀವಿದ್ಯಾಳ ರಕ್ತದ ಗುಂಪು ಸೇರಲಿಲ್ಲ. ನೀನು ಅಷ್ಟು ದೂರದಿಂದ ಬಂದು ಪರೀಕ್ಷೆ ಮಾಡಿಸಿಕೊಂಡೆ, ನಿನ್ನದೂ ಆಗಲಿಲ್ಲ. ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಹೆತ್ತ ಹೊಟ್ಟೆ ನನ್ನದು, ಒಡಹುಟ್ಟಿದವಳು ನೀನು, ಕೈಹಿಡಿದವಳು ಅವಳು, ಮೂವರಲ್ಲಿ ಒಬ್ಬರದೂ ಅವನಿಗೆ ಒದಗಲಿಲ್ಲ.

ನಿನಗೆ ಗೊತ್ತಿಲ್ಲದ್ದು ಹಾಲಿನ ಕಥೆ. ನೀನು ಬಂದು ಹೋದ ಮೇಲೆ ಅವನಿಗೆ ಮೈಯೆಲ್ಲ ತುರಿಕೆ ಹತ್ತಿತು. ಬಾಚಣಿಗೆಯಲ್ಲಿ ಬೆನ್ನು ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ನಾನು ಬೇವಿನೆಲೆ ಕುದಿಸಿ ಸ್ನಾನ ಮಾಡಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಒಬ್ಬಳಿದ್ದಾಳೆ, ಮುಖ ನೋಡಿದರೆ ಇನ್ನೂ ಕಾಲೇಜು ಬಿಟ್ಟಿಲ್ಲ ಎನ್ನಬೇಕು. ಅವಳು ರಕ್ತದ ರಿಪೋರ್ಟು ನೋಡಿ, "ಅಮ್ಮಾ, ಇವ್ರಿಗೆ ಫಾಸ್ಫರಸ್ ಜಾಸ್ತಿ ಆಗಿದೆ. ಹಾಲು, ಮೊಸರು, ಪನೀರು ಎಲ್ಲಾ ನಿಲ್ಲಿಸ್ಬೇಕು" ಎಂದಳು. ಫಾಸ್ಫರಸ್ ಬೆಂಕಿಪೊಟ್ಟಣದ ಬದಿಗೆ ಬಳಿಯುವುದಲ್ಲವೇನಮ್ಮಾ, ಹಾಲಿಗೆ ಹೇಗೆ ಬಂತು ಎಂದೆ. ನಗದೆ ವಿವರಿಸಿದಳು. ಅದು ಎಲ್ಲರ ಮೈಗೂ ಬೇಕಂತೆ, ಕಿಡ್ನಿ ಕೆಟ್ಟವರಲ್ಲಿ ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಮೂಳೆಯ ಸುಣ್ಣ ಎಳೆದುಬಿಡುತ್ತದಂತೆ, ತುರಿಕೆಯೂ ಅದರಿಂದಲೇ ಅಂತೆ. ಮಕ್ಕಳ ಮೂಳೆ ಗಟ್ಟಿಯಾಗಲಿ ಎಂದು ನಿಮ್ಮಿಬ್ಬರ ಹಿಂದೆ ಲೋಟ ಹಿಡಿದು ಓಡಾಡಿದವಳಿಗೆ ಹಾಲಿನಿಂದಲೇ ಮೂಳೆ ಕರಗುತ್ತದೆ ಎಂದರೆ ಹೇಗಾಗಿರಬೇಡ ಹೇಳು. ಆ ಹುಡುಗಿಯ ಮೇಲೆ ಸಿಟ್ಟು ಬಂತು. ಅವಳದೇನು ತಪ್ಪು, ಪಾಪ.

ಆತ್ರೇಯನಿಗೆ ಊಟವೆಂದರೆ ಮೊಸರನ್ನ ಎನ್ನುವುದು ನಿನಗೆ ಹೇಳಬೇಕೇ? ಮದುವೆ ಮನೆಗಳಲ್ಲಿ ಎಲ್ಲರೂ ಹೋಳಿಗೆಗೆ ಕಾದರೆ ಇವನು ಮೊಸರಿಗೆ ಕಾಯುತ್ತಿದ್ದ. ಮೊಸರಿನ ಪಾತ್ರೆಯ ಕೆನೆ ಯಾರು ಬಳಿದುಕೊಳ್ಳಬೇಕೆಂದು ನೀವಿಬ್ಬರೂ ಜುಟ್ಟು ಹಿಡಿದು ಜಗಳವಾಡಿದ್ದೀರಿ. ಅಂಥವನಿಗೆ ಮೊಸರಿಲ್ಲದೆ ಊಟ ಮುಗಿಸು ಎಂದರೆ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದಂತೆ. ಸರಿ, ಹಾಲು ಬೇಡವಾದರೆ ಹಾಲಿನ ಹಾಗಿರುವುದು ಏನಾದರೂ ಇರಲೇಬೇಕಲ್ಲ ಎಂದು ನಾನೂ ಶ್ರೀವಿದ್ಯಾಳೂ ಹುಡುಕಲು ಹೊರಟೆವು.

ನನ್ನ ತಲೆಗೆ ಮೊದಲು ಹೊಳೆದದ್ದು ತೆಂಗಿನ ಹಾಲು. ಆ ಹುಡುಗಿ ಕೇಳಿ ಹೌಹಾರಿದಳು. ಅದರಲ್ಲಿ ಪೊಟ್ಯಾಶಿಯಂ ಎನ್ನುವುದು ಇನ್ನೊಂದಿದೆಯಂತೆ, ಅದು ಏರಿದರೆ ಎದೆಬಡಿತವೇ ತಪ್ಪುತ್ತದಂತೆ. ಎಳನೀರನ್ನಂತೂ ಮನೆಯೊಳಗೇ ತರಬೇಡಿ ಎಂದಳು. ಎದುರು ಮನೆಯ ಸಿದ್ದಮ್ಮ ಅದೇ ದಿನ ಮೈಗೆ ತಂಪೆಂದು ಎಳನೀರು ಕೆತ್ತಿಸಿಕೊಂಡು ಬಂದಿದ್ದಳು. ಬೇಡವೆಂದರೆ ನೊಂದುಕೊಳ್ಳುತ್ತಾಳೆಂದು ನಾನೇ ಅವಳೆದುರಿಗೆ ಕುಡಿದು ಮುಗಿಸಿದೆ. ಆಮೇಲೆ ರಾಗಿ ಹಾಲು ಕೇಳಿದೆ, ಬೇಡ ಎಂದಳು. ಬಾದಾಮಿ ಹಾಲಿಗೆ, ಎರಡು ಬಾದಾಮಿ ತೇಯ್ದು ನೀರಾಗಿ ಮಾಡಿ ಎಂದಾದರೊಮ್ಮೆ ಕೊಡಿ ಎಂದಳು. ಎರಡು ಬಾದಾಮಿಯ ಹಾಲು ಎಂದರೆ ಬಾದಾಮಿ ಪಾತ್ರೆಯ ಮುಂದೆ ಹಾದು ಹೋದಂತೆ. ಗಾಂಧಿ ಬಜಾರಿನ ದೊಡ್ಡ ಅಂಗಡಿಯಲ್ಲಿ ಸೋಯಾ ಹಾಲಿನ ಪೆಟ್ಟಿಗೆ ಸಿಕ್ಕಿತು. ಅದರ ಬೆನ್ನಿನ ಮೇಲೆ ಇರುವೆ ಸಾಲಿನಂಥ ಅಕ್ಷರ. ಶ್ರೀವಿದ್ಯಾ ನಿಮ್ಮ ಅಪ್ಪನ ಭೂತಗನ್ನಡಿ ಹುಡುಕಿ ತಂದು ಓದಿದಳು. ಅದರಲ್ಲೂ ಫಾಸ್ಫೇಟ್ ಉಪ್ಪು ಬೆರೆಸಿದ್ದರು. ಬೆರೆಸದ ಇನ್ನೊಂದನ್ನು ಹುಡುಕಿಕೊಂಡು ಅವಳು ಸಂಪಿಗೆ ರಸ್ತೆಯವರೆಗೆ ಬಸ್ಸಿನಲ್ಲಿ ಹೋಗಿ ಬಂದಳು. ನಾನು ಸೊಸೆಯನ್ನು ಹೊಗಳುವವಳಲ್ಲ, ನಿನಗೇ ಗೊತ್ತು. ಆದರೆ ಅವಳು ಆ ಬಿಸಿಲಲ್ಲಿ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದನ್ನು ಕಂಡಾಗ ತಲೆ ಸವರಬೇಕೆನಿಸಿತು. ಸವರಲಿಲ್ಲ. ನೀರು ಕೊಟ್ಟೆ.

ಕೊನೆಗೆ ಉಳಿದದ್ದು ಅಕ್ಕಿ ಹಾಲು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ತೆಳು ಪಂಚೆಯಲ್ಲಿ ಸೋಸಿ, ನೀರು ಸೇರಿಸಿ ಕಾಯಿಸುವುದು. ದಿನಕ್ಕೆ ಒಂದು ಸಣ್ಣ ಲೋಟ ಆಗಬಹುದು, ಅದೂ ಕುಡಿಯುವ ನೀರಿನ ಲೆಕ್ಕದಲ್ಲೇ ಕಳೆಯಬೇಕು ಎಂದಳು ಹುಡುಗಿ. ಅವನಿಗೆ ನೀರೂ ಅಳತೆಯ ಮೇಲೆಯೇ. ಮೊದಲ ದಿನ ಏಲಕ್ಕಿ ಹಾಕಿ ಕೊಟ್ಟೆ, ಕುಡಿದ. ಎರಡನೆಯ ದಿನ ಕಾಫಿಗೆ ಬೆರೆಸಿದೆ. ಬೂದಿ ಬಣ್ಣಕ್ಕೆ ತಿರುಗಿತು. ಅವನು ಲೋಟದೊಳಗೆ ಇಣುಕಿ ನೋಡಿ, "ಅಮ್ಮ, ಪಾತ್ರೆ ತೊಳೆದ ನೀರು ತಪ್ಪಿ ಇಲ್ಲಿ ಬಂದಿದ್ಯಾ?" ಎಂದ. ಮೂವರೂ ನಕ್ಕೆವು. ಮೂರನೆಯ ದಿನ ಅದನ್ನೇ ಮೆತ್ತಗೆ ಬೆಂದ ಅನ್ನಕ್ಕೆ ಕಲಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಸಾಸಿವೆ ಶುಂಠಿ ಒಗ್ಗರಣೆ ಕೊಟ್ಟು ಮೊಸರನ್ನದ ವೇಷ ಹಾಕಿ ಮುಂದಿಟ್ಟೆ. ಉಪ್ಪೂ ಇಲ್ಲ. "ಅನ್ನಕ್ಕೆ ಅನ್ನಾನೇ ಕಲಸಿ ಕೊಡ್ತೀಯಲ್ಲಮ್ಮ" ಎಂದ, ಆದರೆ ತಟ್ಟೆ ಖಾಲಿ ಮಾಡಿದ. ನನಗಾಗಿ ತಿಂದ ಎಂದು ನನಗೆ ಗೊತ್ತು. ಅವನಿಗೂ ನನಗೆ ಗೊತ್ತೆಂದು ಗೊತ್ತು. ಹೀಗೇ ನಡೆಯಿತು ಎಷ್ಟೋ ಊಟ.

ನಾವು ಮಾತ್ರ ಗಟ್ಟಿ ಮೊಸರು ಸುರಿದುಕೊಂಡು ಉಣ್ಣುವುದು ಹೇಗೆ? ಅವನ ಮುಂದೆ ಬೇಡವೆಂದು ಅಡಿಗೆಮನೆಯಲ್ಲಿ ಕದ್ದು ತಿನ್ನುವುದೇ? ಮೊಸರನ್ನದ ಸದ್ದೂ ಅವನಿಗೆ ಗೊತ್ತಾಗುತ್ತದೆ. ಅವನು ಮತ್ತೆ ಮೊಸರು ಉಣ್ಣುವವರೆಗೆ ಈ ಮನೆಯಲ್ಲಿ ಹಾಲು ಕಾಯಿಸುವುದಿಲ್ಲ ಎಂದು ದೇವರ ಮುಂದೆ ಹೇಳಿಬಿಟ್ಟೆ. ಶ್ರೀವಿದ್ಯಾ ಎದುರಾಡಲಿಲ್ಲ. ಅವರಿಬ್ಬರಿಗೆ ಮಕ್ಕಳಿಲ್ಲ, ಹಟ ಮಾಡುವ ಮಗು ಮನೆಯಲ್ಲಿ ನಾನೇ. ಗೋಕುಲಾಷ್ಟಮಿ ಬಂತು. ಕೃಷ್ಣನ ಮುಂದೆ ಬೆಣ್ಣೆ ಮೊಸರು ಇಡಬೇಕು. ಆ ಕಳ್ಳನಿಗೂ ಈ ವರ್ಷ ಪಥ್ಯ ಎಂದು ಅಕ್ಕಿ ಹಾಲನ್ನೇ ಬೆಳ್ಳಿ ಬಟ್ಟಲಲ್ಲಿ ನೈವೇದ್ಯ ಮಾಡಿದೆ. "ಅವನೇನು ತಪ್ಪು ಮಾಡಿದಾನಮ್ಮ?" ಎಂದ ಆತ್ರೇಯ ಮಂಚದಿಂದಲೇ. ನೀನೇನು ತಪ್ಪು ಮಾಡಿದ್ದೀಯೋ ಎಂದು ಬಾಯಿಗೆ ಬಂತು. ನುಂಗಿಕೊಂಡು ಮಂಗಳಾರತಿ ಎತ್ತಿದೆ.

ಹಾಲು ನಿಲ್ಲಿಸಿದ ದಿನ ಮೊಸರಿನ ಪಾತ್ರೆಯ ತಳದಲ್ಲಿ ಒಂದಿಷ್ಟು ಹೆಪ್ಪು ಉಳಿದಿತ್ತು. ಆ ಹೆಪ್ಪು ನಿನಗೆ ಗೊತ್ತಿದೆ. ನಾನು ಮದುವೆಯಾಗಿ ಚನ್ನಪಟ್ಟಣದಿಂದ ಬರುವಾಗ ನನ್ನ ಅಮ್ಮ ಹಿತ್ತಾಳೆ ಗಿಂಡಿಯಲ್ಲಿ ಹಾಕಿ, ಬಾಯಿಗೆ ಬಾಳೆ ಎಲೆ ಕಟ್ಟಿ ಕೊಟ್ಟಳು. ರೈಲಿನಲ್ಲಿ ಅಷ್ಟು ದೂರವೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಿಮ್ಮ ಅಪ್ಪ, ಹೊಸ ಮದುಮಗ ದೊರೆಸ್ವಾಮಿ ಅಯ್ಯನವರು, ಒಡವೆ ಪೆಟ್ಟಿಗೆ ಇದೆಯೆಂದು ತಿಳಿದು ಕಾವಲುಗಾರರಂತೆ ಅದರ ಮೇಲೇ ಕಣ್ಣಿಟ್ಟಿದ್ದರು. ಅಂದಿನಿಂದ ನಿನ್ನೆಯ ಮೊಸರು ಇಂದಿನ ಹಾಲಿಗೆ ಎಂದು ಬಿಡದೆ ನಡೆದು ಬಂದದ್ದು. ಅದನ್ನು ನಾನು ದೀಪ ಹಚ್ಚಿದ ಮೇಲೆ ಯಾರಿಗೂ ಕೊಟ್ಟವಳಲ್ಲ. ಶುಕ್ರವಾರವಂತೂ ಕೇಳಿದವರ ಮುಖವನ್ನೂ ನೋಡುತ್ತಿರಲಿಲ್ಲ. ಹೆಪ್ಪು ಹೊತ್ತಲ್ಲದ ಹೊತ್ತಿನಲ್ಲಿ ಹೊಸ್ತಿಲು ದಾಟಿದರೆ ಮನೆಯ ತಂಪೇ ಹೊರಟುಹೋಗುತ್ತದೆ ಎಂದು ಅಮ್ಮ ಹೇಳಿದ್ದಳು. ಒಂದು ಸಂಜೆ ನೆಂಟರು ಬಂದರೆಂದು ಸಿದ್ದಮ್ಮ ಬಟ್ಟಲು ಹಿಡಿದು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬೆಳಿಗ್ಗೆ ಬಾರಮ್ಮ ಎಂದು ಕಳಿಸಿದ್ದೆ. ಈಗಲೂ ಜಗಳ ಬಂದಾಗ ಅದನ್ನು ಎತ್ತಿ ಆಡುತ್ತಾಳೆ. ನಿನ್ನ ಮದುವೆಯಲ್ಲಿ ಸ್ಟೀಲಿನ ಡಬ್ಬಿಗೆ ತುಂಬಿ ನಿನ್ನ ಮಡಿಲಿಗಿಟ್ಟೆನಲ್ಲ, ನಿಮ್ಮ ಅತ್ತೆ "ನಮ್ಮೂರಲ್ಲಿ ಮೊಸರು ಸಿಗಲ್ವೇನ್ರೀ?" ಎಂದು ನಕ್ಕಿದ್ದರು. ನಗಲಿ. ನೀನು ಅದನ್ನು ಬಿಡದೆ ಉಳಿಸಿಕೊಂಡು ಬಂದಿದ್ದೀಯೆ ಎನ್ನುವುದು ನನಗೊಂದು ಹೆಮ್ಮೆ.

ನಮ್ಮ ಮನೆಯಲ್ಲಿ ಅದು ಉಳಿಯಲಿಲ್ಲ. ತಳದಲ್ಲಿದ್ದ ಹೆಪ್ಪನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಸಂಪಿಗೆ ರಸ್ತೆಯ ಆ ಸೋಯಾ ಹಾಲನ್ನು ಅಪರೂಪಕ್ಕೆ ಒಂದೆರಡು ಚಮಚ ಕೊಡಬಹುದೆಂದು ಹುಡುಗಿ ಒಪ್ಪಿದಾಗ, ನಮ್ಮ ಹೆಪ್ಪು ಬಿದ್ದರೆ ಅದಕ್ಕೂ ನಮ್ಮ ಮನೆಯ ರುಚಿ ಬಂದೀತೆಂದು ಇದ್ದದ್ದಷ್ಟನ್ನೂ ಅದಕ್ಕೇ ಹಾಕಿದೆ. ಬೆಳಿಗ್ಗೆ ನೋಡಿದರೆ ಹೆಪ್ಪುಗಟ್ಟಿತ್ತು! ಮುಚ್ಚಳ ತೆಗೆದು ಶ್ರೀವಿದ್ಯಾಳನ್ನು ಕೂಗಿ ಕರೆದು ತೋರಿಸಿದೆ. ಗೆದ್ದೆ ಎಂದುಕೊಂಡೆ. ಮೂಗಿನ ಹತ್ತಿರ ತಂದರೆ ಹಸಿ ಅವರೆಕಾಳಿನ ವಾಸನೆ. ಆತ್ರೇಯ ಒಂದು ಚಮಚ ಬಾಯಿಗಿಟ್ಟುಕೊಂಡ. ನನ್ನ ಮುಖ ನೋಡಿದ. "ಚೆನ್ನಾಗಿದೆ ಅಮ್ಮ" ಎಂದು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅವನು ಹುಟ್ಟಿದಾಗಿನಿಂದ ಮೊಸರನ್ನು ಪಕ್ಕಕ್ಕೆ ಸರಿಸಿದ್ದನ್ನು ನಾನು ನೋಡಿರಲಿಲ್ಲ. ಅದನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದೆ. ಪಾತ್ರೆ ತೊಳೆದು ಬೋರಲು ಹಾಕುವಾಗ, ಅಮ್ಮ ಸತ್ತ ಮೇಲೆ ಚನ್ನಪಟ್ಟಣದ ಮನೆಗೆ ಬೀಗ ಹಾಕಿದ್ದು ನೆನಪಾಯಿತು. ನಿನಗೆ ಆಗ ಬರೆಯಲಿಲ್ಲ. ಮೊಸರಿಗೆ ಯಾರಾದರೂ ಅಳುತ್ತಾರೆಯೇ ಎಂದು ನನಗೇ ನಾಚಿಕೆ.

ತುರಿಕೆಯೇನೋ ಕಡಿಮೆಯಾಯಿತು. ಆ ಹುಡುಗಿ ಹೇಳಿದ್ದು ಸುಳ್ಳಲ್ಲ. ರಿಪೋರ್ಟು ನೋಡಿ, "ಅಮ್ಮಾ, ನೀವು ನಮ್ ಆಸ್ಪತ್ರೆ ಅಡಿಗೆಗೇ ಬಂದ್ಬಿಡಿ" ಎಂದಳು. ಸಂಬಳ ಎಷ್ಟು ಕೊಡ್ತೀರಮ್ಮ ಎಂದೆ. ಅಂದು ಅವನು ನಕ್ಕ ನಗು ಕಾರಿಡಾರಿನ ತುದಿಯವರೆಗೆ ಕೇಳಿತು. ಇಷ್ಟು ಪಥ್ಯ ಮಾಡಿದರೆ ಮಗ ಉಳಿಯುತ್ತಾನೆ ಎಂದು ನಾನು ನಂಬಿಬಿಟ್ಟಿದ್ದೆ ಗೋದಾ. ತರಕಾರಿ ಬೇಯಿಸಿದ ನೀರು ಚೆಲ್ಲಿದೆ, ಉಪ್ಪು ಬಿಟ್ಟೆ, ಹಾಲು ಬಿಟ್ಟೆ, ನೀರು ಅಳೆದೆ. ನನ್ನ ಕೈಯಲ್ಲಾಗುವುದನ್ನೆಲ್ಲ ತಪ್ಪದೆ ಮಾಡಿದರೆ, ಆಗದೆ ಇರುವುದನ್ನು ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

ಕಾಗದ ಉದ್ದವಾಯಿತು. ಮಂಚದಿಂದ ಅವನು ಕೂಗಿ, "ಯಾರಿಗೆ ಬರೀತಿದೀಯಾ, ಗೋದಾಗಾ? ಕೈ ಸುಟ್ಕೊಂಡಿದ್ದು ವಾಸಿ ಆಯ್ತಾ ಕೇಳು" ಎನ್ನುತ್ತಿದ್ದಾನೆ. ಕೇಳಿದ್ದೇನೆ ಎಂದೆ. ಶ್ರೀವಿದ್ಯಾ ನಿನ್ನನ್ನು ತುಂಬ ನೆನೆಸಿಕೊಂಡಳೆಂದು ಬರೆಯಿರಿ ಎನ್ನುತ್ತಾಳೆ. ಅಳಿಯಂದಿರಿಗೆ ನನ್ನ ಹಾರೈಕೆ ತಿಳಿಸು. ನಿನ್ನ ಹಣೆಯ ಕುಂಕುಮ, ಕೈಯ ಬಳೆ ನೂರು ಕಾಲ ಗಟ್ಟಿಯಾಗಿರಲಿ. ನಿನ್ನ ಒಲೆಯ ಮೇಲೆ ಹಾಲು ಎಂದೂ ಬತ್ತದಿರಲಿ.

ಇಂತು ನಿನ್ನ ಹೆತ್ತಮ್ಮ,
ತುಳಸಮ್ಮ

ವಿ.ಸೂ.: ಬದರಿ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತೆನ್ನುತ್ತಾನೆ. ಹೇಳಬೇಕಾದದ್ದನ್ನು ಇನ್ನೂ ಹೇಳಲಿಲ್ಲ. ಸೋಮವಾರ ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಬಿ.ಪಿ. ಬಿದ್ದು ಅವನನ್ನು ಇಳಿಸಿಬಿಟ್ಟರು. ಹೃದಯ ಇನ್ನು ಅದನ್ನು ತಡೆಯುವುದಿಲ್ಲವಂತೆ. ಡಾಕ್ಟರು ನನ್ನನ್ನು ಕೂರಿಸಿ, "ಅಮ್ಮಾ, ಮನೆಗೆ ಕರ್ಕೊಂಡ್ ಹೋಗಿ. ಇನ್ಮೇಲೆ ಪಥ್ಯ ಏನೂ ಬೇಡ. ಹಾಲು, ಮೊಸರು, ಅವರು ಏನ್ ಕೇಳ್ತಾರೋ ಕೊಡಿ" ಎಂದರು. ನಾನು ದಡ್ಡಿ, ಸಂತೋಷಪಟ್ಟೆ. ಅವರಿಗೆ ಕೈ ಮುಗಿದೆ. ಬರುವ ದಾರಿಯಲ್ಲಿ ಆಟೋ ನಿಲ್ಲಿಸಿ ಬೂತಿನಲ್ಲಿ ಹಾಲು ಕೊಂಡೆ. ಹಾಲು ಉಕ್ಕಿ ಬಂದಾಗ ಶ್ರೀವಿದ್ಯಾಳನ್ನು ಕರೆದೆ, ಅವಳ ಮುಖ ನೋಡಿದೆ, ಆಗ ಅರ್ಥವಾಯಿತು.

ಹಾಲು ಕಾಯಿಸಿದ ಮೇಲೆ ಹೆಪ್ಪಿಲ್ಲ. ದೀಪ ಹಚ್ಚಿ ಆಗಿತ್ತು. ಬಟ್ಟಲು ಹಿಡಿದು ಸಿದ್ದಮ್ಮನ ಬಾಗಿಲಿಗೆ ಹೋದೆ. ಹಳೆಯದನ್ನು ಎತ್ತಿ ಆಡದೆ ಬಟ್ಟಲು ತುಂಬಿ ಕೊಟ್ಟಳು. ಮರುದಿನ ಆತ್ರೇಯ ಒಂದು ಚಮಚ ತಿಂದು "ಚೆನ್ನಾಗಿದೆ ಅಮ್ಮ" ಎಂದು ಬಟ್ಟಲು ಸರಿಸಿದ. ಆಮೇಲೆ ಕೇಳಿದ, "ಗೋದಾ ಮನೇಲಿ ನಮ್ಮನೆ ಹೆಪ್ಪು ಇರ್ಬೇಕಲ್ವಾ?" ಅವನಿಗೆ ಈಗ ಬಾಯೆಲ್ಲ ಕಬ್ಬಿಣದ ರುಚಿ. ತಂದರೂ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ. ತಾ.

ಹೆಪ್ಪು ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಬಾರದು, ಶುಕ್ರವಾರ ಮನೆಯಿಂದ ಹೊರಗೆ ಹೋಗಬಾರದು ಎಂದು ನಿನಗೆ ಹೇಳಿಕೊಟ್ಟವಳು ನಾನೇ. ನಾಳೆ ಶುಕ್ರವಾರ. ಬಸ್ಸಿಳಿದ ಕೂಡಲೆ ಕಾಗದ ಕೊಡು ಎಂದು ಬದರಿಗೆ ಹೇಳಿದ್ದೇನೆ. ಅವನು ಡ್ಯೂಟಿ ಮುಗಿಸಿ ಸಂಜೆ ಬಂದರೆ ನೀನು ದೀಪವನ್ನೂ ಹಚ್ಚಿರುತ್ತೀಯೆ. ಹಚ್ಚಿರಲಿ. ಡಬ್ಬಿಗೆ ಹಾಕಿಕೊಂಡು ಹೊರಡು.